ಪಾಚಿಯ ಲೆಕ್ಕಾಚಾರ: ಗಾಜಿನ ತೊಟ್ಟಿಯಿಂದ ಸೂಳೆಕೆರೆಗೆ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಹೊಸ ಗಾಜು, ತೊಳೆದ ಮರಳು, ನಾಲ್ಕಾರು ಹಸಿರು ಗಿಡಗಳು, ಒಂದು ಜೊತೆ ಮೀನು. ಮೊದಲ ವಾರ ನೀರು ತಿಳಿಯಾಗಿ ಕಣ್ಣಿಗೆ ತಂಪು. ಮೂರನೆಯ ವಾರ ಗಾಜಿನ ಮೇಲೆ ಕಂದು ಲೇಪ. ಆರನೆಯ ವಾರದ ಹೊತ್ತಿಗೆ ಎಲೆಗಳ ಅಂಚಿನಲ್ಲಿ ಹಸಿರು ನೂಲು, ನೀರು ಸೊಪ್ಪಿನ ಸಾರಿನ ಬಣ್ಣ. ತೊಟ್ಟಿಯನ್ನು ಬರಿದು ಮಾಡಿ, ಉಜ್ಜಿ ತೊಳೆದು ಮತ್ತೆ ತುಂಬಿದರೆ ಕಥೆ ಮೊದಲಿನಿಂದ ಶುರುವಾಗುತ್ತದೆ.

ಇದೇ ಹಸಿರನ್ನು ನೀವು ಬೇರೆ ಕಡೆಯೂ ಕಂಡಿರುತ್ತೀರಿ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಹೊನ್ನಾಳಿಯ ಬಳಿ ತುಂಗಭದ್ರೆಯ ಮಡುಗಳಲ್ಲಿ, ಗೊಬ್ಬರ ಎರಚಿದ ಮೇಲೆ ನ್ಯಾಮತಿ ಕಡೆಯ ಗದ್ದೆಗಳ ನಿಂತ ನೀರಿನಲ್ಲಿ, ಜಗಳೂರಿನ ದನಕರು ನೀರು ಕುಡಿಯುವ ಸಿಮೆಂಟ್ ತೊಟ್ಟಿಗಳಲ್ಲಿ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಂಚಿನಲ್ಲಿ. ಗಾತ್ರ ಬೇರೆಯಾದರೂ ಎಲ್ಲ ಕಡೆಯೂ ನಡೆಯುವ ರಸಾಯನಕ್ರಿಯೆ ಒಂದೇ. ಹಾಗಾಗಿ ಗಾಜಿನ ತೊಟ್ಟಿಯಲ್ಲಿ ಪಾಚಿಯನ್ನು ಹತೋಟಿಗೆ ತರಲು ಮನುಷ್ಯ ಇನ್ನೂರೈವತ್ತು ವರ್ಷಗಳಿಂದ ಕಲಿತದ್ದು ಕೇವಲ ಹವ್ಯಾಸದ ವಿಷಯವಲ್ಲ. ದಾವಣಗೆರೆ ಮತ್ತು ಚಿತ್ರದುರ್ಗದ ಜನ ಕುಡಿಯುವ ನೀರಿಗೂ ಆ ಪಾಠ ಸಂಬಂಧಿಸಿದೆ. ಆ ಇತಿಹಾಸವನ್ನು ಸ್ಥೂಲವಾಗಿ ನೋಡೋಣ.

ಪುದಿನ, ಇಲಿ ಮತ್ತು ಹಸಿರು ಲೇಪ

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಒಂದು ಸರಳ ಪ್ರಯೋಗ ಮಾಡಿದರು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮೇಣದ ಬತ್ತಿ ಉರಿದು ಆರಿದ ಮೇಲೆ ಅದೇ ಗಾಳಿಯಲ್ಲಿ ಪುದಿನದ ಚಿಗುರನ್ನು ಇಟ್ಟರು. ಕೆಲವು ದಿನಗಳ ನಂತರ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಮುಂದೆ ಅಂಥ ಗಾಳಿಯಲ್ಲಿ ಇಲಿಯೂ ಬದುಕಿತು. ಗಿಡಗಳು ಕೆಟ್ಟ ಗಾಳಿಯನ್ನು ಸರಿಪಡಿಸುತ್ತವೆ ಎಂಬುದು ಅವರ ತೀರ್ಮಾನ. ನೀರಿಟ್ಟ ಪಾತ್ರೆಗಳ ಒಳಗೋಡೆಯಲ್ಲಿ ತಾನಾಗಿ ಕಾಣಿಸಿಕೊಂಡ ಹಸಿರು ಲೇಪವೂ ಶುದ್ಧ ಗಾಳಿಯ ಗುಳ್ಳೆಗಳನ್ನು ಬಿಡುವುದನ್ನು ಅವರು ಗಮನಿಸಿದರು. ಆ ಲೇಪ ಬೇರೇನೂ ಅಲ್ಲ, ನಮ್ಮ ಪಾಚಿಯೇ.

ಆದರೆ ಈ ಪ್ರಯೋಗ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಫಲಿಸುತ್ತಿರಲಿಲ್ಲ. ಕಾರಣವನ್ನು ಹೇಳಿದವರು ಹಾಲೆಂಡ್ ಮೂಲದ ವೈದ್ಯ ಯಾನ್ ಇಂಗನ್‌ಹೌಸ್. 1779ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ ಗಿಡದ ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ. ಕತ್ತಲೆಯಲ್ಲಿ ಅವೂ ಪ್ರಾಣಿಗಳಂತೆಯೇ ಉಸಿರಾಡಿ ಗಾಳಿಯನ್ನು ಕೆಡಿಸುತ್ತವೆ. ಪಾಚಿ ತುಂಬಿದ ಕೆರೆಯಲ್ಲಿ ಹಗಲು ಆರಾಮವಾಗಿ ಈಜುವ ಮೀನುಗಳು ನಸುಕಿನಲ್ಲಿ ಬಾಯಿ ತೆರೆದು ಮೇಲೆ ತೇಲುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ರಾತ್ರಿಯೆಲ್ಲ ಪಾಚಿಯೇ ನೀರಿನ ಆಮ್ಲಜನಕವನ್ನು ಬಳಸಿಕೊಂಡಿರುತ್ತದೆ.

ಬಸವನಹುಳು ತಂದ ಸಮತೋಲನ

ಪ್ರಾಣಿ ಮತ್ತು ಸಸ್ಯ ಪರಸ್ಪರ ಪೂರಕವಾದರೆ ಎರಡನ್ನೂ ಒಂದೇ ಪಾತ್ರೆಯಲ್ಲಿ ನೀರು ಬದಲಿಸದೆ ಸಾಕಬಹುದಲ್ಲವೆ? ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖರು. 1850ರಲ್ಲಿ ಅವರು ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ತಮ್ಮ ಪ್ರಯೋಗವನ್ನು ವರದಿ ಮಾಡಿದರು. 12 ಗ್ಯಾಲನ್, ಅಂದರೆ ಸುಮಾರು 55 ಲೀಟರ್ ಹಿಡಿಯುವ ಪಾತ್ರೆ. ಅದರಲ್ಲಿ ಮರಳು, ಕೆಸರು, ಎರಡು ಗೋಲ್ಡ್ ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ಪಟ್ಟಿಯಂಥ ಎಲೆಗಳ ಜಲಸಸ್ಯ.

ಆರಂಭದಲ್ಲಿ ಎಲ್ಲವೂ ಸರಿಯಾಗಿತ್ತು. ಕ್ರಮೇಣ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿನ ಮೇಲೆ ಹಸಿರು ಬೆಳೆಯಿತು. ವಾರಿಂಗ್ಟನ್ ನೀರನ್ನು ಚೆಲ್ಲಲಿಲ್ಲ. ಕೊಳಗಳಲ್ಲಿ ಈ ಕೊಳೆಯನ್ನು ಯಾರು ತಿನ್ನುತ್ತಾರೆ ಎಂದು ಯೋಚಿಸಿ ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನೂ ಹಸಿರು ಲೇಪವನ್ನೂ ಮೇಯ್ದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ನೀರು ತಿಳಿಯಾಯಿತು. ಗಿಡ, ಮೀನು ಇವೆರಡೇ ಸಾಲದು, ನಡುವೆ ಜಾಡಮಾಲಿಯೊಬ್ಬ ಬೇಕು ಎಂಬುದು ಆ ಪ್ರಯೋಗದ ಸಾರ.

ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು.

ಅಪ್ಪನ ತೊಟ್ಟಿ, ಮಗನ ಸೂಕ್ಷ್ಮಜೀವಿ

ವಾರಿಂಗ್ಟನ್‌ರ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಪಾತ್ರವರ್ಗ ಕೆಲಸ ಮಾಡುತ್ತಿತ್ತು. ಅದನ್ನು ಗುರುತಿಸುವುದರಲ್ಲಿ ಅವರ ಮಗನದೇ ದೊಡ್ಡ ಪಾಲು ಎಂಬುದು ವಿಜ್ಞಾನದ ಇತಿಹಾಸದ ಒಂದು ಸೊಗಸಾದ ಕಾಕತಾಳೀಯ.

ಮೀನಿನ ವಿಸರ್ಜನೆ ಮತ್ತು ಕೊಳೆತ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಇದು ಮೀನಿಗೆ ವಿಷ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಜ್ ಎಂಬ ವಿಜ್ಞಾನಿಗಳು ಚರಂಡಿ ನೀರನ್ನು ಮರಳಿನ ಪದರದ ಮೂಲಕ ಹಾಯಿಸಿದಾಗ ಅದರ ಅಮೋನಿಯ ನೈಟ್ರೇಟ್ ಆಗಿ ಮಾರ್ಪಡುತ್ತದೆಂದೂ, ಕ್ಲೋರೋಫಾರಂ ಆವಿ ಕೊಟ್ಟರೆ ಈ ಕ್ರಿಯೆ ನಿಲ್ಲುತ್ತದೆಂದೂ ತೋರಿಸಿದರು. ಅಂದರೆ ಇದು ಜೀವಿಗಳ ಕೆಲಸ. ಅಪ್ಪನ ಹೆಸರನ್ನೇ ಹೊತ್ತ ಕಿರಿಯ ರಾಬರ್ಟ್ ವಾರಿಂಗ್ಟನ್ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಎಳೆಯನ್ನು ಮುಂದುವರಿಸಿದರು. ಅಮೋನಿಯ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಎರಡು ಹಂತಗಳಲ್ಲಿ ಬದಲಾಗುತ್ತದೆ, ಎರಡು ಹಂತಗಳಿಗೂ ಬೇರೆ ಬೇರೆ ಜೀವಿಗಳಿವೆ ಎಂಬುದು ಅವರ ಶೋಧ. 1890ರ ಸುಮಾರಿಗೆ ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದರು.

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದೇಕೆ ಎಂಬುದು ಈಗ ಸ್ಪಷ್ಟ. ಈ ಬ್ಯಾಕ್ಟೀರಿಯಾಗಳು ಮರಳು, ಗಾಜು, ಎಲೆಗಳ ಮೇಲೆ ನೆಲೆಯೂರಲು ಕೆಲವು ವಾರ ಬೇಕು. ಅದಕ್ಕೆ ಮುಂಚೆಯೇ ತುಂಬಾ ಮೀನು ಬಿಟ್ಟರೆ ಅಮೋನಿಯ ಏರುತ್ತದೆ. ಪಾಚಿಗೆ ಅದೇ ಹಬ್ಬ. ತೊಟ್ಟಿಯನ್ನು ಪದೇ ಪದೇ ಬರಿದು ಮಾಡಿ ಉಜ್ಜುವವರು ಪಾಚಿಯ ಜೊತೆಗೆ ಈ ಸೇವಕರನ್ನೂ ಹೊರಗಟ್ಟುತ್ತಾರೆ.

ಈ ಜ್ಞಾನ ಕರ್ನಾಟಕಕ್ಕೆ ಬಂದದ್ದೂ ಬಹಳ ತಡವಾಗಿಯಲ್ಲ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರನ್ನು ಬ್ಯಾಕ್ಟೀರಿಯಾಗಳಿಂದ ಶುದ್ಧೀಕರಿಸುವ ‘ಸಕ್ರಿಯ ಕೆಸರು’ ವಿಧಾನ ರೂಪುಗೊಂಡಿತು. ಅದಕ್ಕೆ ಪ್ರೇರಣೆ ನೀಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯಲ್ಲಿ ಹೋಗುವ ಸಾರಜನಕ ಕಳೆದುಕೊಳ್ಳಬೇಕಾದ ಕಸವಲ್ಲ, ಹೊಲಕ್ಕೆ ಮರಳಬೇಕಾದ ಸಂಪತ್ತು ಎಂಬುದು ಅವರ ನಿಲುವು. 1934ರಲ್ಲಿ ಈ ವಿಷಯವಾಗಿಯೇ ಅವರು ಪುಸ್ತಕವನ್ನೂ ಬರೆದರು.

ಕಿರಿಯ ವಾರಿಂಗ್ಟನ್‌ರ ಎರಡು ಹಂತಗಳ ಕಥೆಗೆ 2015ರಲ್ಲಿ ಒಂದು ತಿರುವು ಸಿಕ್ಕಿತು. ಅಮೋನಿಯದಿಂದ ನೈಟ್ರೇಟ್‌ವರೆಗಿನ ಇಡೀ ದಾರಿಯನ್ನು ಒಂದೇ ಜೀವಿ ಕ್ರಮಿಸಬಲ್ಲದು ಎಂದು ಎರಡು ತಂಡಗಳು ಪ್ರಕಟಿಸಿದವು. ಆ ಬ್ಯಾಕ್ಟೀರಿಯಾ ದೊರೆತ ತಾಣಗಳಲ್ಲಿ ಒಂದು ಮೀನು ಸಾಕಣೆಯ ತೊಟ್ಟಿಗೆ ಜೋಡಿಸಿದ ಶೋಧಕ!

ಬೆಣ್ಣೆ ದೋಸೆಯ ನಿಯಮ

ಇನ್ನು ಪೋಷಕಾಂಶಗಳ ವಿಚಾರ. ದಾವಣಗೆರೆಯ ಹೋಟೆಲೊಂದರಲ್ಲಿ ನೂರು ದೋಸೆಗೆ ಆಗುವಷ್ಟು ಹಿಟ್ಟಿದೆ, ಬೆಣ್ಣೆ ಮಾತ್ರ ಹತ್ತು ದೋಸೆಗೆ ಆಗುವಷ್ಟಿದೆ ಎನ್ನಿ. ಅಲ್ಲಿ ತಯಾರಾಗುವ ಬೆಣ್ಣೆ ದೋಸೆ ಹತ್ತೇ. ಹಿಟ್ಟನ್ನು ಎಷ್ಟು ಹೆಚ್ಚಿಸಿದರೂ ಲೆಕ್ಕ ಬದಲಾಗದು. ಸಸ್ಯಗಳ ಬೆಳವಣಿಗೆಯೂ ಅತ್ಯಂತ ಕೊರತೆಯಿರುವ ಪೋಷಕಾಂಶದಿಂದ ನಿರ್ಧಾರವಾಗುತ್ತದೆ ಎಂದು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಹೇಳಿದರು. 1840ರ ನಂತರ ಯೂಸ್ಟಸ್ ಲೀಬಿಗ್ ಅದನ್ನು ಜನಪ್ರಿಯಗೊಳಿಸಿದರು. ಇದೇ ಕನಿಷ್ಠ ನಿಯಮ.

ಪಾಚಿಯ ಹಿಟ್ಟು ಯಾವುದು, ಬೆಣ್ಣೆ ಯಾವುದು? ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಿಂದ ನಡೆಸಿದ ಅಧ್ಯಯನಗಳಿಂದ ಕಡಲಿನ ತೇಲುಜೀವಿಗಳಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು ಸರಾಸರಿ 106:16:1ರ ಪ್ರಮಾಣದಲ್ಲಿವೆ ಎಂದು ತಿಳಿದುಬಂತು. ತೂಕದಲ್ಲಿ ಇದು ಸುಮಾರು 41:7:1. ಇದರಂತೆ ಲೆಕ್ಕ ಹಾಕಿದರೆ 1 ಕಿ.ಗ್ರಾಂ ರಂಜಕದಿಂದ 100 ಕಿ.ಗ್ರಾಂ ಮೀರಿದ ಒಣ ಪಾಚಿ ಬೆಳೆಯಬಲ್ಲದು. ಹಸಿ ತೂಕ ಇದರ ಹಲವು ಪಟ್ಟು.

ಈ ಅಂಕಿಗಳನ್ನು ಹೊಲಕ್ಕೆ ಅನ್ವಯಿಸಿ ನೋಡಿ. 50 ಕಿ.ಗ್ರಾಂ ಡಿ.ಎ.ಪಿ. ಚೀಲದಲ್ಲಿ ಶೇಕಡ 18 ಸಾರಜನಕ, ಶೇಕಡ 46 ರಂಜಕದ ಪೆಂಟಾಕ್ಸೈಡ್ ಇರುತ್ತದೆ. ಪೆಂಟಾಕ್ಸೈಡಿನಲ್ಲಿರುವ ಶುದ್ಧ ರಂಜಕವನ್ನು ಲೆಕ್ಕ ಹಾಕಿದರೆ ಚೀಲವೊಂದಕ್ಕೆ ಸುಮಾರು 10 ಕಿ.ಗ್ರಾಂ. ಸಾರಜನಕ 9 ಕಿ.ಗ್ರಾಂ. ಪಾಚಿಗೆ ರಂಜಕದ ಏಳು ಪಟ್ಟು ಸಾರಜನಕ ಬೇಕು. ಈ ಚೀಲದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಚೀಲದ ಹತ್ತನೇ ಒಂದು ಭಾಗ ಮಳೆಗೆ ಕೊಚ್ಚಿ ಕೆರೆ ಸೇರಿದರೂ ಒಂದು ಕ್ವಿಂಟಾಲ್ ಮೀರಿದ ಒಣ ಪಾಚಿಗೆ ಬೇಕಾದ ‘ಬೆಣ್ಣೆ’ ಸಿಕ್ಕಂತಾಯಿತು.

ಮೈಲುತುತ್ತದ ಅಡ್ಡದಾರಿ

ಪಾಚಿಗೆ ವಿಷ ಹಾಕಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಇದನ್ನೂ ಪ್ರಯತ್ನಿಸಲಾಗಿದೆ. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಕುಡಿಯುವ ನೀರಿನ ಜಲಾಶಯಗಳ ಪಾಚಿಗೆ ತಾಮ್ರದ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತವನ್ನು ಸೂಚಿಸಿದರು.

ಅಡಿಕೆ ಬೆಳೆಗಾರರಿಗೆ ಮೈಲುತುತ್ತ ಹೊಸದಲ್ಲ. ಅದಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ರೂಢಿಗೆ ತಂದರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರ ಅಧ್ಯಯನ ಪ್ರಕಟವಾಯಿತು. ಗೊನೆಗೆ ಅಂಟಿ ಕುಳಿತು ಶಿಲೀಂಧ್ರವನ್ನು ತಡೆಯುವ ಕೆಲಸದಲ್ಲಿ ತಾಮ್ರಕ್ಕೆ ಸಾಟಿಯಿಲ್ಲ.

ಆದರೆ ನೀರಿನಲ್ಲಿ ಕಥೆಯೇ ಬೇರೆ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ ನಿಜ. ಜೊತೆಗೆ ಬಸವನಹುಳು, ಸೀಗಡಿ, ಪಾಚಿ ತಿನ್ನುವ ನೀರುಚಿಗಟಗಳನ್ನೂ ಕೊಲ್ಲುತ್ತದೆ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಬರಿದಾಗುತ್ತದೆ. ಅದರೊಳಗಿದ್ದ ರಂಜಕ ಮತ್ತೆ ನೀರಿಗೆ ಸೇರುತ್ತದೆ. ಮುಂದಿನ ಪಾಚಿಗೆ ಊಟ ಸಿದ್ಧ, ಮೇಯುವವರಿಲ್ಲ! ತಾಮ್ರವಾದರೋ ಕೆಸರಿನಲ್ಲಿ ಹಾಗೆಯೇ ಉಳಿಯುತ್ತದೆ. ಸಾಲ ತೀರಿಸಲು ಬಡ್ಡಿಗೆ ಮತ್ತೊಂದು ಸಾಲ ಮಾಡಿದ ಹಾಗೆ.

ಪರದೆ ಕಟ್ಟಿದ ಸರೋವರ

1960ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾಗಳ ನಡುವಣ ಈರಿ ಸರೋವರ ಹಸಿರುಗಟ್ಟಿತು. ಮಾರ್ಜಕಗಳಲ್ಲಿದ್ದ ಫಾಸ್ಫೇಟ್ ಮೇಲೆ ಅನುಮಾನ ಬಂತು. ಕೊರತೆಯಿರುವುದು ಇಂಗಾಲಕ್ಕೇ ಹೊರತು ರಂಜಕಕ್ಕಲ್ಲ ಎಂಬ ವಾದವನ್ನು ಮಾರ್ಜಕ ಉದ್ಯಮ ಬೆಂಬಲಿಸಿತು. ಬಾಟಲಿಯೊಳಗಿನ ಪ್ರಯೋಗಗಳಿಂದ ಈ ಜಗಳ ಬಗೆಹರಿಯಲಿಲ್ಲ.

ಆಗ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಇಡೀ ಸರೋವರಗಳನ್ನೇ ಪ್ರಯೋಗಶಾಲೆಯಾಗಿಸಲಾಯಿತು. ಡೇವಿಡ್ ಶಿಂಡ್ಲರ್ ಅದರ ಮುಂದಾಳು. 1973ರಲ್ಲಿ 226ನೇ ಸಂಖ್ಯೆಯ ಸರೋವರದ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದರು. ಒಂದು ಬದಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದು ಬದಿಗೆ ಅವೆರಡರ ಜೊತೆ ರಂಜಕ. ರಂಜಕ ಸೇರಿದ ಬದಿ ಕಡುಹಸಿರಾಯಿತು. ಇನ್ನೊಂದು ಬದಿ ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಒಂದು ಛಾಯಾಚಿತ್ರ ನೂರು ವಾದಗಳಿಗೆ ಉತ್ತರವಾಯಿತು.

ಇದರ ಕಾರಣ ಸರಳ. ಇಂಗಾಲ ಗಾಳಿಯಿಂದ ನೀರಿಗೆ ಇಳಿಯುತ್ತದೆ. ಸಾರಜನಕ ಕಡಿಮೆಯಾದರೆ ಕೆಲವು ನೀಲಿಹಸಿರು ಪಾಚಿಗಳು ಅದನ್ನೂ ಗಾಳಿಯಿಂದಲೇ ಹಿಡಿದುಕೊಳ್ಳುತ್ತವೆ. ರಂಜಕಕ್ಕೆ ಅಂಥ ಅನಿಲರೂಪದ ಮೂಲವಿಲ್ಲ. ಅದು ನೆಲದಿಂದ, ಚರಂಡಿಯಿಂದ, ಗೊಬ್ಬರದಿಂದಲೇ ಬರಬೇಕು. ಹಾಗಾಗಿ ನಮ್ಮ ಕೈಗೆ ಸಿಗುವ ಕೀಲಿ ಅದೊಂದೇ. ಕಡಲಿನಲ್ಲಿ ಮತ್ತು ಕೆಲವು ಕೆರೆಗಳಲ್ಲಿ ಸಾರಜನಕವನ್ನೂ ಹತೋಟಿಯಲ್ಲಿಡಬೇಕೆಂಬ ವಾದ ಇಂದಿಗೂ ಬಲವಾಗಿದೆ. ಆದರೆ ರಂಜಕವನ್ನು ಬಿಟ್ಟು ಸಿಹಿನೀರಿನ ಪಾಚಿಯನ್ನು ಗೆಲ್ಲಬಹುದೆಂದು ಹೇಳುವವರು ವಿರಳ.

1972ರ ಒಪ್ಪಂದದ ನಂತರ ಈರಿ ಸರೋವರ ಚೇತರಿಸಿಕೊಂಡಿತು. 1990ರ ದಶಕದ ನಡುವಿನಿಂದ ಪಾಚಿ ಮತ್ತೆ ಮರಳಿತು. ಈ ಬಾರಿಯ ಮುಖ್ಯ ಮೂಲ ಮಾರ್ಜಕವಲ್ಲ, ಹೊಲಗಳ ಗೊಬ್ಬರ. 2014ರ ಆಗಸ್ಟ್‌ನಲ್ಲಿ ಟೊಲಿಡೋ ನಗರದ ಸುಮಾರು 4 ಲಕ್ಷ ಜನರಿಗೆ ನಲ್ಲಿಯ ನೀರು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ ಎಂದು ಸೂಚಿಸಲಾಯಿತು. ನೀಲಿಹಸಿರು ಪಾಚಿಯ ಮೈಕ್ರೊಸಿಸ್ಟಿನ್ ಎಂಬ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸೂಚಿಸಿತು. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಿಂದ 2018ರ ನಡುವೆ ನೊರೆ ಉಕ್ಕಿಸಿ, ಹೊತ್ತಿ ಉರಿದು ಸುದ್ದಿಯಾದದ್ದನ್ನು ನೀವು ಮರೆತಿರಲಾರಿರಿ.

ಹವ್ಯಾಸಿಗಳ ಕಾಣಿಕೆ

ಮತ್ತೆ ಗಾಜಿನ ತೊಟ್ಟಿಗೆ ಬರೋಣ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ತೊಟ್ಟಿಯ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಉಣಿಸುವುದನ್ನು ಪ್ರಚಾರಕ್ಕೆ ತಂದರು. ಜಪಾನಿನ ತಕಾಶಿ ಅಮಾನೊ ತೊಟ್ಟಿಯನ್ನೇ ಒಂದು ನಿಸರ್ಗಚಿತ್ರವಾಗಿಸಿದರು. ಪಾಚಿ ಮೇಯಲು ಪುಟ್ಟ ಸೀಗಡಿಗಳನ್ನು ಬಳಸಿದರು. 1996ರಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಎಂಬ ಹವ್ಯಾಸಿಗಳು ಕನಿಷ್ಠ ನಿಯಮವನ್ನು ಜಾಣತನದಿಂದ ಬಳಸಿದರು. ಗಿಡಗಳಿಗೆ ರಂಜಕವೊಂದನ್ನು ಬಿಟ್ಟು ನೈಟ್ರೇಟ್, ಪೊಟ್ಯಾಸಿಯಂ, ಕಬ್ಬಿಣ ಮೊದಲಾದ ಎಲ್ಲವನ್ನೂ ಕೊಡಿ. ಚೆನ್ನಾಗಿ ಬೆಳೆಯುವ ಗಿಡಗಳು ಇರುವ ಅಲ್ಪ ರಂಜಕವನ್ನೂ ಹೀರಿಕೊಂಡು ಪಾಚಿಯನ್ನು ಉಪವಾಸ ಕೆಡವುತ್ತವೆ ಎಂಬುದು ಅವರ ಸೂತ್ರ. 1999ರಲ್ಲಿ ಡಯಾನಾ ವಾಲ್‌ಸ್ಟಡ್, ತೊಟ್ಟಿಯ ತಳಕ್ಕೆ ಸಾಧಾರಣ ಮಣ್ಣು ಹಾಕಿ ಮೀನಿನ ಆಹಾರವನ್ನೇ ಗೊಬ್ಬರವಾಗಿಸುವ ದಾರಿಯನ್ನು ತೋರಿಸಿದರು. ಆಮೇಲೆ ಬಂದ ಟಾಮ್ ಬಾರ್, ಗಿಡ ದಟ್ಟವಾಗಿದ್ದು ಇಂಗಾಲದ ಡೈಆಕ್ಸೈಡ್ ಸಾಕಷ್ಟಿದ್ದರೆ ರಂಜಕ ಹಾಕಿದರೂ ಪಾಚಿ ಬರುವುದಿಲ್ಲ ಎಂದು ವಾದಿಸಿದರು.

ಸರೋವರದಲ್ಲಿ ರಂಜಕ ಖಳನಾಯಕ, ತೊಟ್ಟಿಯಲ್ಲಿ ಅಲ್ಲವೆ? ಗೊಂದಲ ಬೇಡ, ಲೆಕ್ಕ ಮಾಡೋಣ. 100 ಲೀಟರಿನ ತೊಟ್ಟಿಗೆ ದಿನಕ್ಕೆ 1 ಗ್ರಾಂ ಆಹಾರ ಹಾಕುತ್ತೀರಿ, ಅದರಲ್ಲಿ ಶೇಕಡ 1 ರಂಜಕವಿದೆ ಎನ್ನಿ. ಅಂದರೆ 10 ಮಿಲಿಗ್ರಾಂ, ಲೀಟರಿಗೆ 0.1 ಮಿಲಿಗ್ರಾಂ. ಸರೋವರವೊಂದರಲ್ಲಿ ಒಟ್ಟು ರಂಜಕ ಲೀಟರಿಗೆ ಸುಮಾರು 0.035 ಮಿಲಿಗ್ರಾಂ ಮೀರಿದರೆ ಅದನ್ನು ಅತಿಪೋಷಿತ ಎಂದು ವರ್ಗೀಕರಿಸುವುದು ವಾಡಿಕೆ. ನಿಮ್ಮ ತೊಟ್ಟಿ ಒಂದೇ ದಿನದಲ್ಲಿ ಆ ಮಿತಿಯ ಮೂರು ಪಟ್ಟು ಪಡೆಯುತ್ತದೆ! ಇದರಲ್ಲಿ ಒಂದು ಪಾಲು ಮೀನಿನ ಮೈಗೆ ಸೇರುತ್ತದೆಂದರೂ ಮನೆಯ ತೊಟ್ಟಿಯಲ್ಲಿ ಪಾಚಿಯನ್ನು ಉಪವಾಸ ಕೆಡವುವುದು ಕಷ್ಟ. ಅಲ್ಲಿ ಕೆಲಸ ಮಾಡುವುದು ಗಿಡಗಳ ಪೈಪೋಟಿ, ಬೆಳಕಿನ ಮಿತಿ ಮತ್ತು ನೀರಿನ ಬದಲಾವಣೆ.

ಈ ಪೈಪೋಟಿ ಭೌತವಿಜ್ಞಾನದ ವಿದ್ಯಾರ್ಥಿಗಳಿಗೂ ಸ್ವಾರಸ್ಯಕರ. ನೀರಿನಲ್ಲಿ ಇಂಗಾಲದ ಡೈಆಕ್ಸೈಡಿನ ವಿಸರಣೆ ಗಾಳಿಯಲ್ಲಿಗಿಂತ ಸುಮಾರು 10,000 ಪಟ್ಟು ನಿಧಾನ. ಎಲೆಯ ಸುತ್ತ ನಿಂತ ನೀರಿನ ತೆಳುಪದರವೇ ಗೋಡೆಯಾಗುತ್ತದೆ. 0.01 ಮಿ.ಮೀ. ವ್ಯಾಸದ ಪಾಚಿಯ ಕೋಶಕ್ಕೆ ಅದರ ಗಾತ್ರಕ್ಕೆ ಹೋಲಿಸಿದರೆ ದೊರೆಯುವ ಮೇಲ್ಮೈ, 0.2 ಮಿ.ಮೀ. ದಪ್ಪದ ಎಲೆಗೆ ದೊರೆಯುವುದಕ್ಕಿಂತ 60 ಪಟ್ಟು ಹೆಚ್ಚು. ಹಾಗಾಗಿ ಪೋಷಕಾಂಶ ಹೀರುವ ಓಟದಲ್ಲಿ ಪಾಚಿಯೇ ಮುಂದು. ಗಿಡಕ್ಕಿರುವ ಅನುಕೂಲ ಬೇರೆ: ಬೇರಿನಿಂದ ಕೆಸರಿನ ಸಾರ ಹೀರಬಲ್ಲದು, ಒಳ್ಳೆಯ ದಿನಗಳಲ್ಲಿ ಕೂಡಿಡಬಲ್ಲದು, ಮೇಲೆ ಹರಡಿ ನೆರಳು ಮಾಡಬಲ್ಲದು. ನೀರನ್ನು ಮೆಲ್ಲಗೆ ಚಲಿಸುವಂತೆ ಮಾಡಿದರೆ ಆ ನಿಂತ ಪದರ ತೆಳುವಾಗಿ ಗಿಡಕ್ಕೆ ನೆರವಾಗುತ್ತದೆ.

ಬೆಳಕಿನ ಬಗ್ಗೆ 1880ರ ದಶಕದ ಆರಂಭದಲ್ಲಿ ಥಿಯೋಡರ್ ಎಂಗೆಲ್‌ಮನ್ ಮಾಡಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಪಟ್ಟಕದಿಂದ ಮೂಡಿದ ಪುಟ್ಟ ರೋಹಿತವನ್ನು ಅವರು ಪಾಚಿಯ ನೂಲೊಂದರ ಮೇಲೆ ಬೀಳಿಸಿದರು. ಆಮ್ಲಜನಕವನ್ನು ಅರಸಿ ಹೋಗುವ ಬ್ಯಾಕ್ಟೀರಿಯಾಗಳು ಕೆಂಪು ಮತ್ತು ನೀಲಿ ಬಿದ್ದ ಕಡೆ ಗುಂಪುಗೂಡಿದವು; ಹಸಿರು ಬಿದ್ದ ಕಡೆ ವಿರಳ. ಪಾಚಿಯೂ ಗಿಡವೂ ಬಳಸುವ ಪತ್ರಹರಿತ್ತು ಒಂದೇ ಬಗೆಯದು. ಆದ್ದರಿಂದ ಪಾಚಿಗೆ ಬೇಡವಾದ, ಗಿಡಕ್ಕೆ ಮಾತ್ರ ಬೇಕಾದ ಬಣ್ಣದ ದೀಪ ಎಂಬುದಿಲ್ಲ. ಬೆಳಕಿನ ಪ್ರಮಾಣ ಮತ್ತು ಅವಧಿಯಷ್ಟೇ ನಮ್ಮ ಕೈಯಲ್ಲಿದೆ.

ನೀರಿನ ಗುಣವೂ ಊರಿಂದೂರಿಗೆ ಬೇರೆ. ಜಗಳೂರಿನಂಥ ಬಯಲುಸೀಮೆಯ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು, ಬೈಕಾರ್ಬೊನೇಟ್ ಹೆಚ್ಚು. ಅದರಿಂದ ಇಂಗಾಲ ಪಡೆಯಬಲ್ಲ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಅಲ್ಲಿ ಸೊಗಸಾಗಿ ಬರುತ್ತವೆ. ಎಲೆಯ ಮೇಲೆ ಸುಣ್ಣದ ಬಿಳಿ ಹುಡಿ ಕುಳಿತರೆ ಅದು ರೋಗವಲ್ಲ, ಈ ಕ್ರಿಯೆಯ ಗುರುತು. ಹೊನ್ನಾಳಿ, ನ್ಯಾಮತಿಯವರಿಗೆ ಸಿಗುವ ಹೊಳೆಯ ನೀರು ಪಶ್ಚಿಮಘಟ್ಟದಿಂದ ಬಂದದ್ದು, ಅದಕ್ಕಿಂತ ಮೆದು. ಅದರಲ್ಲಿ ನಾಜೂಕಿನ ಗಿಡಗಳನ್ನೂ ಪ್ರಯತ್ನಿಸಬಹುದು.

ತೊಟ್ಟಿ ಇಡುವವರು ಈ ಇತಿಹಾಸದಿಂದ ಪಡೆಯಬಹುದಾದ ಸೂಚನೆಗಳು ಇಷ್ಟು:

1. ಮೊದಲು ಗಿಡ ನೆಡಿ, ದಟ್ಟವಾಗಿ ನೆಡಿ. ಕೆಲವು ವಾರ ಕಳೆದ ಮೇಲೆ ಮೀನು ಬಿಡಿ, ಅದೂ ಒಂದೆರಡಾಗಿ.
2. ನೇರ ಬಿಸಿಲು ಬೇಡ. ದಿನಕ್ಕೆ ಎಂಟು ಗಂಟೆಯ ದೀಪ ಸಾಕು.
3. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.
4. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ. ತೆಗೆದ ನೀರು ಹೂಗಿಡಕ್ಕೆ ಒಳ್ಳೆಯ ಗೊಬ್ಬರ.
5. ಬಸವನಹುಳುವನ್ನು ಹೊರಗೆಸೆಯಬೇಡಿ. ಕೊಳೆತ ಎಲೆಯನ್ನು ಮಾತ್ರ ಕತ್ತರಿಸಿ ತೆಗೆಯಿರಿ.
6. ಬೇಡವಾದ ಗಿಡ, ಮೀನುಗಳನ್ನು ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ.

ಕೊನೆಯ ಸೂಚನೆಗೆ ಕಾರಣವಿದೆ. ನಮ್ಮ ಕೆರೆಗಳಲ್ಲಿ ಸಾಧುವಾಗಿರುವ ಹೈಡ್ರಿಲ್ಲಾ 1950ರ ದಶಕದಲ್ಲಿ ತೊಟ್ಟಿಯ ಗಿಡವಾಗಿ ಶ್ರೀಲಂಕೆಯಿಂದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನ ಜಲಮಾರ್ಗಗಳನ್ನೇ ಕಟ್ಟಿಹಾಕಿತು. ಇತ್ತ, ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಹೀರುಬಾಯಿಯ ಮೀನು ಕೇರಳ, ಆಂಧ್ರಪ್ರದೇಶಗಳ ನೀರಿನಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ.

ಸೂಳೆಕೆರೆಗೆ ಎರಡು ಮುಖ

ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆಯನ್ನು ಶಾಂತವ್ವ ಎಂಬಾಕೆ ಕಟ್ಟಿಸಿದಳು ಎಂಬುದು ಐತಿಹ್ಯ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ನಿಂತ ಅದರ ಏರಿ ಶತಮಾನಗಳ ನೀರಿನ ಒತ್ತಡವನ್ನು ತಾಳಿಕೊಂಡಿದೆ. ಸಿದ್ದನ ತೂಬು, ಬಸವನ ತೂಬುಗಳು ಇಂದಿಗೂ ಪ್ರಸಿದ್ಧ. ಕೆರೆಯ ವಿಸ್ತಾರ ಸುಮಾರು 2,650 ಹೆಕ್ಟೇರ್, ಜಲಾನಯನ ಸುಮಾರು 330 ಚದರ ಕಿ.ಮೀ. ಭಾಗಿಸಿ ನೋಡಿದರೆ ಕೆರೆಯ ಪ್ರತಿ ಹೆಕ್ಟೇರ್ ನೀರಿಗೆ 12 ಹೆಕ್ಟೇರಿಗೂ ಹೆಚ್ಚು ನೆಲದ ಹರಿವು ಬಂದು ಸೇರುತ್ತದೆ. ಆ ನೆಲದಲ್ಲಿ ಊರುಗಳಿವೆ, ಗೊಬ್ಬರ ಬಳಸುವ ಗದ್ದೆ, ತೋಟಗಳಿವೆ.

ವಿಸ್ತಾರ ಹೆಚ್ಚು, ಆಳ ಕಡಿಮೆ: ಇದು ನಮ್ಮ ಬಹುತೇಕ ಕೆರೆಗಳ ಲಕ್ಷಣ. ಇಂಥ ಕೆರೆಗಳಿಗೆ ಎರಡು ಸ್ಥಿರ ಸ್ಥಿತಿಗಳಿವೆ ಎಂದು 1993ರಲ್ಲಿ ಹಾಲೆಂಡಿನ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು ವಿವರಿಸಿದರು. ಒಂದು, ತಳದಲ್ಲಿ ಗಿಡಗಳಿರುವ ತಿಳಿನೀರು. ಗಿಡಗಳು ಹೂಳನ್ನು ಹಿಡಿದಿಡುತ್ತವೆ, ಪಾಚಿ ತಿನ್ನುವ ನೀರುಚಿಗಟಗಳಿಗೆ ಆಸರೆ ಕೊಡುತ್ತವೆ. ಇನ್ನೊಂದು, ಪಾಚಿ ಕದಡಿದ ಹಸಿರುನೀರು. ಅಲ್ಲಿ ಬೆಳಕು ತಳ ಮುಟ್ಟದೆ ಗಿಡಗಳು ಸಾಯುತ್ತವೆ, ಹೂಳು ಮೇಲೇಳುತ್ತದೆ, ಪಾಚಿ ಇನ್ನಷ್ಟು ಬೆಳೆಯುತ್ತದೆ.

ಪೋಷಕಾಂಶ ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿದರೂ ತಿಳಿನೀರು ಬಹುಕಾಲ ತಿಳಿಯಾಗಿಯೇ ಕಾಣುತ್ತದೆ. ಒಂದು ಮಿತಿ ದಾಟಿದೊಡನೆ ಒಂದೇ ಬೇಸಿಗೆಯಲ್ಲಿ ಮಗುಚಿಕೊಳ್ಳಬಹುದು. ಪೋಷಕಾಂಶವನ್ನು ಆ ಮಿತಿಗೇ ಇಳಿಸಿದರೆ ಕೆರೆ ಹಿಂದಿರುಗುವುದಿಲ್ಲ. ಅದಕ್ಕಿಂತ ಬಹಳ ಕೆಳಗೆ ಇಳಿಸಬೇಕು. ಕಬ್ಬಿಣವನ್ನು ಕಾಂತಗೊಳಿಸಿ ವಿದ್ಯುತ್ ಪ್ರವಾಹ ನಿಲ್ಲಿಸಿದರೂ ಕಾಂತತೆ ಪೂರ್ತಿ ಅಳಿಯದು, ಅಳಿಸಲು ಪ್ರವಾಹವನ್ನು ಹಿಮ್ಮುಖವಾಗಿ ಹರಿಸಬೇಕು ಎಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಗಳು ಹಿಸ್ಟೆರಿಸಿಸ್ ಎಂಬ ಹೆಸರಿನಲ್ಲಿ ಓದಿರುತ್ತಾರೆ. ಕೆರೆಗೂ ಅಂಥದೇ ನೆನಪಿದೆ. ತಡೆಯುವ ಖರ್ಚಿಗಿಂತ ಮರಳಿಸುವ ಖರ್ಚು ಹಲವು ಪಟ್ಟು ಏಕೆಂಬುದು ಇದರಿಂದ ತಿಳಿಯುತ್ತದೆ.

ಜಗಳೂರಿಗೆ ಈ ಮಾತು ಇನ್ನೂ ಹತ್ತಿರದ್ದು. ಹರಿಹರದ ದೀಟೂರಿನ ಬಳಿ ತುಂಗಭದ್ರೆಯ ನೀರೆತ್ತಿ ಅಲ್ಲಿನ 57 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡಿತು. ದಶಕಗಳ ಕಾಲ ಒಣಗಿದ್ದ ಕೆರೆಯಂಗಳ ನೀರು ಕಂಡಾಗ ಅದರ ಮೊದಲ ವರ್ಷಗಳು ಹೊಸ ತೊಟ್ಟಿಯ ಮೊದಲ ವಾರಗಳಿದ್ದಂತೆ. ಅಂಗಳದಲ್ಲಿ ಸೇರಿಕೊಂಡ ಸಗಣಿ, ಗೊಬ್ಬರ, ಕಸ ಎಲ್ಲವೂ ಒಮ್ಮೆಗೇ ಕರಗುತ್ತವೆ. ಆಗ ಗಿಡ ಗೆಲ್ಲುತ್ತದೆಯೋ ಪಾಚಿ ಗೆಲ್ಲುತ್ತದೆಯೋ ಎಂಬುದರ ಮೇಲೆ ಮುಂದಿನ ಬಹಳ ವರ್ಷಗಳು ನಿಂತಿವೆ. ಊರ ಚರಂಡಿಯನ್ನು ನೇರ ಕೆರೆಗೆ ಬಿಡದಿರುವುದು, ಅಂಚಿನ ಜೊಂಡು ಆಪುಗಳನ್ನು ಕಿತ್ತು ಸ್ವಚ್ಛ ಮಾಡಿಬಿಡದಿರುವುದು, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕುವುದು, ಮಳೆಯ ಮುನ್ಸೂಚನೆಯಿದ್ದಾಗ ಎರಚದಿರುವುದು: ಇವು ಸಣ್ಣ ಕ್ರಮಗಳು. ರೈತರ ಹಣವೂ ಉಳಿಯುತ್ತದೆ.

ಕೆರೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. 1865ರಲ್ಲಿ ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್ ಕಡಲಿನಲ್ಲಿ ಬಿಳಿಯ ತಟ್ಟೆಯೊಂದನ್ನು ಹಗ್ಗ ಕಟ್ಟಿ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಅಳೆದರು. ಇಂದಿಗೂ ವಿಜ್ಞಾನಿಗಳು ಇದೇ ತಟ್ಟೆಯನ್ನು ಬಳಸುತ್ತಾರೆ. ನೀವೂ 20 ಸೆಂ.ಮೀ. ಅಗಲದ ಹಳೆಯ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿಯಿರಿ. ಕೆಳಗೆ ಕಲ್ಲು ಕಟ್ಟಿ. ಹಗ್ಗಕ್ಕೆ 10 ಸೆಂ.ಮೀ.ಗೊಂದು ಗಂಟು ಹಾಕಿ. ತಿಂಗಳಿಗೊಮ್ಮೆ, ಮಧ್ಯಾಹ್ನದ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಹಿರಿಯರೊಬ್ಬರ ಜೊತೆ ತೆಪ್ಪದಿಂದ ಇಳಿಸಿ, ತಟ್ಟೆ ಮರೆಯಾಗುವ ಗಂಟನ್ನು ಎಣಿಸಿ ಬರೆದಿಡಿ. ಮಳೆಗಾಲದ ಕೆಂಪು ಕದಡನ್ನೂ ಬೇಸಿಗೆಯ ಹಸಿರು ಕದಡನ್ನೂ ಬೇರೆ ಬೇರೆಯಾಗಿ ಗುರುತು ಮಾಡಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಒಂದೊಂದು ಪ್ರೌಢಶಾಲೆ ತನ್ನ ಕೆರೆಗೆ ಇಂಥದೊಂದು ಪುಸ್ತಕ ಇಟ್ಟು ಹತ್ತು ವರ್ಷ ತಪ್ಪದೆ ತುಂಬಿದರೆ ಸಾಕು. ಗಂಟುಗಳ ಸಂಖ್ಯೆ ಬೇಸಿಗೆಯಿಂದ ಬೇಸಿಗೆಗೆ ಇಳಿಯುತ್ತಾ ಹೋದರೆ, ಕೆರೆ ಮಗುಚುವ ಮುಂಚೆಯೇ ಆ ಪುಸ್ತಕವನ್ನು ಪಂಚಾಯಿತಿಯ ಮುಂದೆ ತೆರೆದಿಡಬಹುದು.